ನಳ ಬಂದ ವರ್ಷ

ಪರದೇಶದಲ್ಲಿ ಮಗನಿರುವ ಟ್ರಾಯ್ ಊರಿನ ಶಾಲೆಯಲ್ಲಿ ಮೊಮ್ಮಗಳಿಗೆ ಒಂದು ಕೆಲಸ ಕೊಟ್ಟಿದ್ದರು. ಮನೆಯ ಹಿರಿಯರೊಬ್ಬರು ಹುಟ್ಟಿದ ವರ್ಷದಲ್ಲಿ ಏನೇನು ನಡೆಯಿತು, ಯಾರು ಯಾರು ಹುಟ್ಟಿದರು ಎಂಬುದನ್ನು ದೊಡ್ಡ ರಟ್ಟಿನ ಮೇಲೆ ಬರೆದು ತರಬೇಕು. ಅವಳು ನನ್ನನ್ನು ಆರಿಸಿಕೊಂಡು, ಕಂಪ್ಯೂಟರಿನಿಂದ ಒಂದು ಹಾಳೆ ಮುದ್ರಿಸಿ ತಂದಳು. ವೈಸರಾಯರ ಪ್ರವಾಸ, ದೊರೆಯ ಕಾಯಿಲೆ, ಸಂಸ್ಥಾನಗಳ ರಾಜಕುಮಾರರ ಜನನ. ನಮ್ಮ ಓಣಿಯಲ್ಲಿ ಆ ವರ್ಷ ಏನೂ ನಡೆಯಲಿಲ್ಲ, ಯಾರೂ ಹುಟ್ಟಲಿಲ್ಲ ಎನ್ನುವಂತಿತ್ತು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೂ ಮೊದಲೇ ಶಾಲೆ ಬಿಟ್ಟವನು. ರೈಲ್ವೆಯ ಪಾರ್ಸಲ್ ಕಚೇರಿಯಲ್ಲಿ ಗಂಟುಮೂಟೆಗಳ ನಡುವೆ ಕುಳಿತು ಓದಿದ್ದೇ ನನ್ನ ವಿದ್ಯೆ. ಹಾಗೆ ಓದಿದವನಿಗೆ ಅಚ್ಚಾದದ್ದರ ಮೇಲೆ ನಂಬಿಕೆ ಕಡಿಮೆ. ಇದು ಆಳಿದವರ ದಿನಚರಿ, ನಿಜ ಬೇಕಿದ್ದರೆ ನನ್ನ ಅಕ್ಕನನ್ನು ಕೇಳಬೇಕು ಎಂದೆ.

ಅಕ್ಕ ಅದೇ ದೇಶದ ಇಟಾಸ್ಕಾ ಊರಿನಲ್ಲಿ ತನ್ನ ಮಗನ ಮನೆಯಲ್ಲಿದ್ದಳು. ನನಗಿಂತ ಎಂಟು ವರ್ಷ ಹಿರಿಯಳು; ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಹುಟ್ಟಿದ ಮರುವರ್ಷ ಅವ್ವ ಪ್ಲೇಗಿನಲ್ಲಿ ತೀರಿಕೊಂಡಳೆಂದು ನನಗೆ ಹೇಳಿದವಳೂ ಅವಳೇ. ಮೊಮ್ಮಗಳು ಅದನ್ನು ರಟ್ಟಿನ ಕೆಳತುದಿಯಲ್ಲಿ ಕೆಂಪು ಶಾಯಿಯಿಂದ ಆಗಲೇ ಬರೆದಿದ್ದಳು. ರಜೆ ಬಂದಾಗ ನನ್ನ ಮಗ ಮುನ್ನೂರು ಮೈಲಿ ಡ್ರೈವ್ ಮಾಡಿ ನಮ್ಮನ್ನು ಅಲ್ಲಿಗೆ ಕರೆದೊಯ್ದ.

ಊಟವಾದ ಮೇಲೆ ಮೇಜಿನ ಮೇಲೆ ರಟ್ಟು ಹಾಸಿದೆವು. ಹತ್ತಿರದ ನಿಲ್ದಾಣಕ್ಕೆ ವಿಮಾನಗಳು ಮನೆಯ ಮೇಲಿಂದಲೇ ಇಳಿಯುತ್ತಿದ್ದವು. ಪ್ರತಿ ಸಲವೂ ಅಕ್ಕ ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಮುಂದುವರಿಸುತ್ತಿದ್ದಳು. ಆ ವರ್ಷ ನಮ್ಮ ಓಣಿಗೆ ಮೊದಲ ಸಲ ನೀರಿನ ನಳ ಬಂತಂತೆ. ಅದನ್ನು ತಿರುಗಿಸಲು ಕಲೆಕ್ಟರ್ ಸಾಹೇಬನೇ ಬಂದಿದ್ದನಂತೆ. ನಳದ ಕೊರಳಿಗೆ ಚೆಂಡುಹೂವಿನ ಹಾರ, ಮಕ್ಕಳಿಗೆ ಸಕ್ಕರೆ. ಒಳಗೆ ಚರ್ಮದ ಬಿಲ್ಲೆ ಇದೆ, ಮೈಲಿಗೆ ಎಂದು ಎದುರುಮನೆಯ ಮುದುಕಿ ಮೊದಮೊದಲು ಆ ನೀರನ್ನು ಮುಟ್ಟಲೇ ಇಲ್ಲವಂತೆ. ನಾನು ಹುಟ್ಟಿದ್ದು ಅದೇ ವಾರ. ಅಕ್ಕ ನಕ್ಕಳು, ಕಥೆಯ ಓಟದಲ್ಲಿ ಇನ್ನೊಂದು ಮಾತು ಸೇರಿಸಿದಳು.

“ಅವ್ವ ಹೋದಾಗ ಆಕಿ ಮೈ ತೊಳೀಲಿಕ್ಕೂ ಅದ ನೀರ ತಂದ್ರು. ಓಣಿ ಹೆಂಗಸರೆಲ್ಲಾ ಬಂದಿದ್ರು. ಆ ಮುದುಕಿನೂ ಒಂದ ಕೊಡಾ ತಂದಳು ನೋಡು. ನಳದ ಹಾರಾ ಇನ್ನೂ ಬಾಡಿದ್ದಿಲ್ಲ.”

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

“ಅಕ್ಕಾ, ಪ್ಲೇಗ್ ಬಂದಿದ್ರ ಓಣಿ ಮಂದಿ ಊರ ಹೊರಗ ಗುಡಿಸಲದಾಗ ಇರತಿದ್ರು. ನೀರ ತರಲಿಕ್ಕೆ ಯಾರಿದ್ರು?” ಎಂದೆ. ಹಾರ ಬಾಡಿರಲಿಲ್ಲವೆಂದರೆ ಅದು ಮರುವರ್ಷ ಹೇಗಾದೀತು ಎಂದೂ ಕೇಳಿದೆ. ತಪ್ಪು ಹಿಡಿದ ಖುಷಿ ನನ್ನ ದನಿಯಲ್ಲಿತ್ತು.

“ಬಿಡೋ, ವಯಸ್ಸಾತು. ಎಲ್ಲಾ ಕಲಸಿ ಹೇಳತೀನಿ.”

ನಾನು ಬಿಡಲಿಲ್ಲ. ಹಾಗಾದರೆ ಆ ವಾರ ಅವ್ವನಿಗೆ ಏನಾಯಿತು ಎಂದು ಮತ್ತೆ ಮತ್ತೆ ಕೇಳಿದೆ. ಒಂದು ವಿಮಾನ ಹಾದುಹೋಯಿತು. ಅಕ್ಕ ಕಾದಳು.

“ನೀ ಹುಟ್ಟಿದಿ, ತಮ್ಮಾ.”

ಉಳಿದದ್ದನ್ನು ಅವಳು ಮೇಜನ್ನು ನೋಡುತ್ತಲೇ ಹೇಳಿದಳು. ನಮ್ಮ ಕಡೆ ಹೆರಿಗೆಯಲ್ಲೇ ತಾಯಿ ತೀರಿಕೊಂಡ ಕೂಸಿಗೆ ತಾಯಿಯನ್ನು ನುಂಗಿದವನೆಂಬ ಹೆಸರು ಅಂಟಿದರೆ ಬಿಡದು. ಮರುವರ್ಷ ಅಪ್ಪನಿಗೆ ಬೇರೆ ಊರಿಗೆ ವರ್ಗವಾಯಿತು. ಹೊಸ ಊರಿನ ಬಾವಿಕಟ್ಟೆಯಲ್ಲಿ ಹೆಂಗಸರು, ಸೊಂಟದ ಮೇಲಿನ ಕೂಸಿನ ತಾಯಿ ಎಲ್ಲಿ ಎಂದು ಕೇಳಿದಾಗ ಒಂಬತ್ತು ವರ್ಷದ ಅಕ್ಕನ ಬಾಯಿಗೆ ಬಂದದ್ದು ಪ್ಲೇಗ್. ಅಪ್ಪನೂ ಅದನ್ನೇ ಹೇಳುತ್ತ ಬಂದ. ಅಪ್ಪ ಹೋದ ಮೇಲೆ ಅವಳೊಬ್ಬಳೇ ಅದನ್ನು ಕಾದುಕೊಂಡಿದ್ದಳು, ನನ್ನ ಕೂದಲು ನರೆಯುವವರೆಗೂ. ಅದನ್ನು ನಾನು ವಾದದಲ್ಲಿ ಗೆದ್ದು ಅವಳ ಕೈಯಿಂದ ಕಿತ್ತುಕೊಂಡಿದ್ದೆ.

ಮೊಮ್ಮಗಳು ಪೆನ್ನು ಎತ್ತಿ ಹಿಡಿದು ನೋಡುತ್ತಿದ್ದಳು. “ಅಜ್ಜ, ವಾಟ್ ಡಿಡ್ ಶೀ ಸೇ? ಶುಡ್ ಐ ಟೇಕ್ ಔಟ್ ದ ಪ್ಲೇಗ್?”

ಇರಲಿ ಎಂದೆ. ವೈಸರಾಯರ ಪ್ರವಾಸವನ್ನೇ ನಂಬದೆ ಹೊರಟವನು, ಸುಳ್ಳೆಂದು ತಿಳಿದ ಸಾಲನ್ನು ಹಾಗೆಯೇ ಉಳಿಸಿದೆ. ಅಕ್ಕ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಆಮೇಲೆ ಅವಳು ಆ ವರ್ಷದ ಮಾತನ್ನೇ ಎತ್ತಲಿಲ್ಲ. ಭಾನುವಾರದ ಫೋನಿನಲ್ಲಿ, ಅವ್ವ ನೋಡಲು ಹೇಗಿದ್ದಳು, ನನ್ನನ್ನು ಒಮ್ಮೆಯಾದರೂ ಎತ್ತಿಕೊಂಡಿದ್ದಳೇ ಎಂದು ಕೇಳುತ್ತಿದ್ದೆ. “ಮರತೇನಿ, ತಮ್ಮಾ,” ಎನ್ನುತ್ತಿದ್ದಳು. ನಳದ ಕೊರಳಿನ ಹಾರವನ್ನು ಮರೆಯದವಳು ಅವ್ವನ ಮುಖವನ್ನು ಮರೆತಳೆಂದು ನಾನು ನಂಬಲಿಲ್ಲ. ಆದರೆ ಮತ್ತೆ ವಾದಿಸಲಿಲ್ಲ.