ಪ್ರಾರ್ಥನೆಗೆ ಕೊಟ್ಟ ಮನೆ

ಸುವಾರ್ತೆ ಸಾರುವುದು ಪಾಸ್ಟರರ ಕೆಲಸ ಮಾತ್ರವಲ್ಲ, ಪ್ರತಿಯೊಬ್ಬ ವಿಶ್ವಾಸಿಯ ಕೆಲಸ ಎಂದು ಹೈದರಾಬಾದಿನ ನಮ್ಮ ಉಪ್ಪಲ್ ಸಂಘದ ಪಾಸ್ಟರು, ನಮಗೆಲ್ಲ ಅಯ್ಯಗಾರು, ಒಂದು ಭಾನುವಾರ ಪ್ರಸಂಗ ಮಾಡಿದರು. ಕೊನೆಯ ಬೆಂಚಿನಲ್ಲಿದ್ದ ನಾನು ಇದು ನನಗೆ ಹೇಳಿದ್ದಲ್ಲ ಎಂದುಕೊಂಡೆ. ನಾನು ಬೀದರ ಕಡೆಯವಳು. ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ನಾಚಾರಂನ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ನನ್ನ ತೆಲುಗು ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತಿತ್ತು, ಬೈಬಲ್ ವಿವರಿಸುವುದಕ್ಕಲ್ಲ. ಎರಡು ವರ್ಷವಾದರೂ ಆ ಸಂಘದಲ್ಲಿ ನಾನು ‘ಬೀದರ್ ಸಿಸ್ಟರ್’ ಅಷ್ಟೇ. ಹೆಸರು ಕೇಳಿದವರು ಕಡಿಮೆ. ಹಾಡುವಾಗ ಸುಮ್ಮನೆ ತುಟಿ ಆಡಿಸಿ, ಆರಾಧನೆ ಮುಗಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಮನೆಗೆ ಬರುತ್ತಿದ್ದೆ.

ಆದರೆ ಅಯ್ಯಗಾರು ಸುಮ್ಮನೆ ಬಿಡುವ ಆಸಾಮಿಯಲ್ಲ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟರು. ಪರಿಚಯದ ಒಂದು ಮನೆಯನ್ನು ಅದರಲ್ಲಿ ಬರೆಯಬೇಕು. ಬುಧವಾರ ಸಂಜೆಯ ಕೂಟದಲ್ಲಿ ಎದ್ದು ನಿಂತು ಆ ಮನೆಯ ಕಷ್ಟವೇನೆಂದು ಹೇಳಬೇಕು. ಸಂಘವೆಲ್ಲ ಅದಕ್ಕಾಗಿ ಪ್ರಾರ್ಥಿಸುತ್ತದೆ, ಆಮೇಲೆ ಆ ಮನೆಗೆ ಹೋಗಿ ಬರುತ್ತದೆ. ಇಡೀ ಹೈದರಾಬಾದಿನಲ್ಲಿ ನನಗೆ ಪರಿಚಯದ ಮನೆ ಎಂದರೆ ಒಂದೇ, ನನ್ನ ಕೋಣೆಯ ಎದುರು ಬಾಗಿಲಿನದು.

ಅಲ್ಲಿದ್ದವರು ವಿಜಾಪುರ ಕಡೆಯ ಗಂಡ ಹೆಂಡತಿ. ಗಂಡ ಆಂಧ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಮೆಟ್ಟಿಲಲ್ಲಿ ಎದುರಾದರೆ ತಲೆ ಅಲ್ಲಾಡಿಸಿ ಹೋಗುವ ಮಿತಭಾಷಿ. ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಅತ್ತಿಗೆಯನ್ನು ಕರೆದ ಹಾಗೆ. ನಾನು ನನ್ನ ಕೋಣೆಗೆ ಬಂದ ಹೊಸತರಲ್ಲಿ ಮೆಟ್ಟಿಲೇರುವಾಗ ತುಂಬಿದ ಕೊಡ ಕೈಜಾರಿ ‘ಯವ್ವಾ’ ಎಂದದ್ದು ಕೇಳಿ ಬಾಗಿಲು ತೆರೆದವರು, ಕನ್ನಡದವಳೇ ಎಂದು ವಿಚಾರಿಸಿ, ಮೆಟ್ಟಿಲ ಮೇಲಿನ ನೀರನ್ನು ತಾವೇ ಒರೆಸಿದ್ದರು. ಮೊದಮೊದಲು ನನಗೆ ಚಹಾ ಬಾಗಿಲ ಹೊರಗೆ, ಬೇರೆ ಲೋಟದಲ್ಲಿ. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಕುಡಿದಾದ ಮೇಲೆ ಲೋಟವನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಆ ಲೋಟ ಎಲ್ಲಿ ಹೋಯಿತೋ, ನಾನು ಅವರ ಅಡುಗೆಮನೆಯೊಳಗೆ ಮಣೆ ಹಾಕಿಕೊಂಡು ಪುಂಡಿಸೊಪ್ಪು ಬಿಡಿಸುತ್ತಿದ್ದೆ. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಕಾರ್ಖಾನೆಯಲ್ಲಿ ಯಂತ್ರದ ಗದ್ದಲಕ್ಕೆ ಮಾತೇ ಇರಲಿಲ್ಲ. ಕೋಣೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ. ವೈನಿಯ ಅಡುಗೆಮನೆಯಲ್ಲಿ ಸಂಜೆ ಒಂದು ಗಂಟೆ ಕನ್ನಡ ಆಡಿದರೆ ಮಾತ್ರ ನಾನು ಬದುಕಿದ್ದೇನೆ ಅನ್ನಿಸುತ್ತಿತ್ತು. ಆ ಒಂದು ಗಂಟೆಗಾಗಿ ಉಳಿದ ದಿನವನ್ನು ದೂಡುತ್ತಿದ್ದೆ.

ಆ ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದ ಅವರ ಮಗಳು ಒಂದು ಟ್ರಂಕಿನೊಂದಿಗೆ ಬಂದಿಳಿದಳು. ಬಿ.ಎ. ಪರೀಕ್ಷೆ ಬರೆಯಲು ಬಂದಿದ್ದಾಳೆ ಎಂದು ವೈನಿ ಕೇಳಿದವರಿಗೆಲ್ಲ ಹೇಳಿದರು, ನನಗೂ ಹೇಳಿದರು. ತಿಂಗಳಾದ ಮೇಲೆ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, ಪರೀಕ್ಷೆಯೂ ಇಲ್ಲ ಏನೂ ಇಲ್ಲ, ಗಂಡನ ಮನೆಯವರು ಅವಳನ್ನು ಬಿಟ್ಟಿದ್ದಾರೆ ಎಂದರು. ಕಣ್ಣೀರು ಹಾಕಲಿಲ್ಲ.

“ಇದು ನನ್ನ ಬಾಯಿಂದ ಇವತ್ತ ಮೊದಲನೇ ಸಲ ಹೊರಗ ಬರಾಕತ್ತೈತಿ ತಂಗಿ. ನಿನ್ನ ಹೊಟ್ಯಾಗ ಇರಲಿ,” ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ಅದಾದ ಕೆಲವೇ ದಿನಕ್ಕೆ, ಬುಧವಾರದ ಕೂಟದಲ್ಲಿ ನನ್ನ ಸರದಿ ಬಂತು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ಮನೆಯ ಯಜಮಾನರಿಗೆ ಮಂಡಿನೋವು ಎಂದಿದ್ದರೂ ನಡೆಯುತ್ತಿತ್ತು. ಆದರೆ ನನಗಿಂತ ಮೊದಲು ಎದ್ದವರು ಹೇಳಿದ್ದೆಲ್ಲ ದೊಡ್ಡ ದೊಡ್ಡ ಕಷ್ಟಗಳು, ಜನ ‘ಸ್ತೋತ್ರಂ, ಸ್ತೋತ್ರಂ’ ಎಂದು ನಿಟ್ಟುಸಿರಿಡುತ್ತಿದ್ದರು. ನಾನು ಎದ್ದು ನಿಂತೆ. ಹರಕುಮುರುಕು ತೆಲುಗಿನಲ್ಲಿ ವೈನಿಯ ಮಗಳ ಸಂಗತಿಯನ್ನು ಹೇಳಿದೆ. ಎರಡು ವರ್ಷದಲ್ಲಿ ಮೊದಲ ಸಲ ಸಂಘದವರೆಲ್ಲ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ಅಯ್ಯಗಾರು ನನ್ನ ಹೆಸರು ಹಿಡಿದು ಪ್ರಾರ್ಥಿಸಿದರು. ಕೂಟ ಮುಗಿದ ಮೇಲೆ ನಾಲ್ಕು ಜನ ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡರು. ನನಗೆ ಬಹಳ ಸಂತೋಷವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಆಗ ಆದದ್ದು ಸಂತೋಷವೇ.

ಮುಂದಿನ ಭಾನುವಾರ ಮಧ್ಯಾಹ್ನ ಅಯ್ಯಗಾರ ಹೆಂಡತಿ ಬಿಳಿ ಸೀರೆಯ ನಾಲ್ವರನ್ನು ಕರೆದುಕೊಂಡು ಮೆಟ್ಟಿಲೇರಿ ಬಂದರು. ನೀನು ಕೊಟ್ಟ ಮನೆ, ಬಾಗಿಲು ನೀನೇ ತಟ್ಟಬೇಕು ಎಂದರು. ತಟ್ಟಿದೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮಲ್ಲಿ ಕಷ್ಟ ಬಂದ ಮನೆಗೆ ಹತ್ತು ಜನ ಬಂದು ಮೊಣಕಾಲೂರಿ ಪ್ರಾರ್ಥಿಸಿದರೆ ಆ ಮನೆಗೆ ಅದು ಮರ್ಯಾದೆ. ಬಾರದಿದ್ದರೆ ಸಂಘ ನಮ್ಮನ್ನು ಮರೆಯಿತು ಎಂದು ಅಳುತ್ತೇವೆ. ಅಪ್ಪ ತೀರಿಕೊಂಡಾಗ ನನ್ನ ಅವ್ವ ಎದ್ದು ಕೂತು ಗಂಜಿ ಕುಡಿದದ್ದು ಹಾಗೆ ಬಂದವರ ಹಾಡು ಕೇಳಿದ ಮೇಲೆಯೇ.

ವೈನಿ ಬಾಗಿಲು ತೆರೆದರು. ಅಯ್ಯಗಾರ ಹೆಂಡತಿಯದು ಗಟ್ಟಿ ದನಿ. ನಿಮ್ಮ ಹುಡುಗಿಯ ಸಂಸಾರ ಮತ್ತೆ ಕೂಡಲಿ ಎಂದು ನಾವೆಲ್ಲ ಪ್ರಾರ್ಥಿಸುತ್ತಿದ್ದೇವಮ್ಮಾ, ಗಂಡ ಬಿಟ್ಟನೆಂದು ಧೈರ್ಯಗೆಡಬೇಡಿ ಎಂದು ತೆಲುಗಿನಲ್ಲಿ ಹೇಳಿದರು. ಕೆಳಗಿನ ಮೆಟ್ಟಿಲಲ್ಲಿ ಮನೆ ಮಾಲೀಕನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. ಒಳಗೆ ಮಗಳು ಓದುತ್ತಿದ್ದ ವಾರಪತ್ರಿಕೆ ಕೆಳಗೆ ಬಿತ್ತು. ವೈನಿ ನನ್ನ ಕಡೆ ನೋಡಲಿಲ್ಲ. ನಮ್ಮ ಹುಡುಗಿ ಪರೀಕ್ಷೆಗೆ ಬಂದಿದ್ದಾಳೆ ಎಂದು ಬಂದವರಿಗೆ ತಿಳಿಸಿದರು. ಐವರಿಗೂ ನೀರು ತಂದು ಕೊಟ್ಟು, ಲೋಟ ವಾಪಸ್ ಇಸಿದುಕೊಂಡು ಬಾಗಿಲು ಹಾಕಿದರು.

ಮರುದಿನ ಸಂಜೆ ಆ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ನಲ್ಲಿಯ ಹತ್ತಿರ ಸಿಕ್ಕಾಗ ವೈನಿ ಪಕ್ಕಕ್ಕೆ ಸರಿಯಿರಿ ಎಂದು ನನಗೆ ತೆಲುಗಿನಲ್ಲಿ ಹೇಳಿದರು, ಬಹುವಚನದಲ್ಲಿ, ಪರಿಚಯವಿಲ್ಲದವರಿಗೆ ಹೇಳುವ ಹಾಗೆ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಹದಿನೇಳು ದಿನ ಯಾರೊಂದಿಗೂ ಕನ್ನಡ ಆಡಲಿಲ್ಲ. ಪ್ರಾರ್ಥನೆಗೆ ಕೂತರೂ ನನ್ನ ದನಿ ನನಗೇ ಬೇರೆಯವರದೆನ್ನಿಸುತ್ತಿತ್ತು.

ಹದಿನೆಂಟನೆಯ ದಿನ ತಾರಸಿಯ ಮೇಲೆ ಅವರು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಎದುರು ಹೋಗಿ ನಿಂತೆ. “ತಪ್ಪಾಗೇತ್ರಿ ವೈನಿ,” ಎಂದೆ. ನಿಮ್ಮ ಒಳ್ಳೆಯದಕ್ಕೇ ಹೇಳಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಒಂದು ಸೀರೆಯನ್ನು ಪೂರ್ತಿ ಮಡಿಸಿದ ಮೇಲೆ ಬಾಯಿ ಬಿಟ್ಟರು.

“ನಿಮ್ಮ ದೇವರ ಮುಂದ ಹೇಳಿದ್ರ ನನಗೇನೂ ಬ್ಯಾಸರ ಇರ್ತಿದ್ದಿಲ್ಲ ತಂಗಿ. ನಾನೂ ನಮ್ಮ ದೇವರ ಮುಂದ ದಿನಾ ಅದನ್ನ ಹೇಳಾಕತ್ತೀನಿ. ನೀ ಮಂದಿ ಮುಂದ ಹೇಳಿದಿ.”

ಬಟ್ಟೆಯ ಗಂಟು ಎತ್ತಿಕೊಂಡು ಅವರು ಇಳಿದು ಹೋದರು. ಮುಂದಿನ ತಿಂಗಳು ಮನೆ ಖಾಲಿ ಮಾಡಿದರು. ಗಂಡನ ಕಚೇರಿಗೆ ಹತ್ತಿರವಾಗಲೆಂದು ಮೆಹದಿಪಟ್ಟಣಂ ಕಡೆ ಹೋಗುತ್ತಿದ್ದಾರೆ ಎಂದು ಮಾಲೀಕನ ಹೆಂಡತಿ ಹೇಳಿದಳು. ಅವಳ ಪ್ರಶ್ನೆಗಳಿಗೆ ಹೆದರಿ ಹೋದರೆಂದು ನನಗೆ ಗೊತ್ತಿತ್ತು.

ಬುಧವಾರದ ಕೂಟದಲ್ಲಿ ಮತ್ತೊಮ್ಮೆ ಎದ್ದು ನಿಂತು, ಇನ್ನು ಮೇಲೆ ಯಾರ ಮನೆಯ ಕಷ್ಟವನ್ನೂ ಇಲ್ಲಿ ಹೇಳುವುದು ಬೇಡ ಎಂದೆ. ಅಯ್ಯಗಾರು ಒಳ್ಳೆಯವರು, ಒಪ್ಪಿದರು. ಕೆಲವರಿಗೆ ನನ್ನ ವಿಶ್ವಾಸ ತಣ್ಣಗಾಯಿತು ಎನ್ನಿಸಿತು, ಅದನ್ನು ನನಗೆ ಕೇಳಿಸುವಂತೆಯೇ ಹೇಳಿದರು. ನಾನು ಸೇವೆಯನ್ನೇನೂ ಬಿಡಲಿಲ್ಲ. ಕಾರ್ಖಾನೆಯ ಹೆಂಗಸರ ಜೊತೆ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತೆ, ಬಾಣಂತಿಯರ ಬಟ್ಟೆ ಒಗೆದೆ. ಕೇಳಿದವರಿಗೆ ನನ್ನ ದೇವರು ಯಾರೆಂದು ಹೇಳಿದೆ, ಕೇಳದವರಿಗೆ ಹೇಳಲಿಲ್ಲ. ನಮ್ಮಂಥ ಸಾಮಾನ್ಯರು ಸುವಾರ್ತೆಗಾಗಿ ಏನು ಮಾಡಬಹುದು ಎಂದು ಸಂಘದ ಹೊಸಬರು ಈಗ ನನ್ನನ್ನು ಕೇಳುತ್ತಾರೆ. ಮೊದಲು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳಲು ಕಲಿಯಿರಿ ಎನ್ನುತ್ತೇನೆ. ಮುದುಕಿ ತಮಾಷೆ ಮಾಡುತ್ತಾಳೆ ಎಂದು ನಗುತ್ತಾರೆ.

ಆ ಹುಡುಗಿಯ ಸಂಸಾರ ಕೂಡಿತೋ ಇಲ್ಲವೋ ನನಗೆ ತಿಳಿಯದು. ಒಂದೆರಡು ಸಲ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಇಳಿದು, ಆ ಜನಜಂಗುಳಿಯಲ್ಲಿ ಅರ್ಧ ದಿನ ನಿಂತು, ವಿಳಾಸವಿಲ್ಲದೆ ವಾಪಸ್ ಬಂದಿದ್ದೇನೆ. ಅವಳ ಹೆಸರನ್ನು ದಿನವೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ದೇವರ ಮುಂದೆ ಹೇಳುತ್ತೇನೆ, ಕನ್ನಡದಲ್ಲಿ, ಮೆಲ್ಲಗೆ. ಬೇರೆ ಯಾರ ಮುಂದೆಯೂ ಹೇಳಿಲ್ಲ. ವೈನಿಗೆ ಇದು ಗೊತ್ತಿಲ್ಲ.