ಬೊಟ್ಟು ನಾಮವಾದದ್ದು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಾಮ್ರದ ತಗಡು, ಅಲ್ಯೂಮಿನಿಯಂ ತಗಡು ಒಂದರ ಮೇಲೊಂದಿಟ್ಟು, ರೋಲರ್ ನಡುವೆ ಒತ್ತಿ ಒಂದೇ ತಗಡು ಮಾಡುತ್ತಿದ್ದೆವು. ಅಂಟು ಗಿಂಟು ಏನೂ ಇಲ್ಲ, ಒತ್ತಡವೇ ಅಂಟು. ಅದಕ್ಕೇ ಒಳಮೈಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಯಾರೂ ಬೆರಳು ಕೂಡ ತಾಗಿಸಬಾರದು ಅಂತ ನನ್ನ ಕಟ್ಟಪ್ಪಣೆ.

ಆದರೆ ಬಗ್ಗಿಸಿದರೆ ನಮ್ಮ ತಗಡು ಪಟ್ ಅಂತ ಮುರಿಯುತ್ತೆ ಅಂತ ಗಿರಾಕಿಯ ದೂರು. ಆರ್ಡರ್ ಕೈಬಿಡುವ ಮುಂಚೆ ಕೊನೇ ಸಲ ನೋಡಲು ಅವರ ಇಂಜಿನಿಯರ್ ಬಂದಿದ್ದರು. ಅವರೆದುರೇ ತಗಡಿನಿಂದ ಕತ್ತರಿಸಿದ ಪಟ್ಟಿಗಳನ್ನು ಬಗ್ಗಿಸಿದೆ. ಎಲ್ಲವೂ ಪಟ್. ಒಂದು ಮಾತ್ರ ಮುರಿಯಲಿಲ್ಲ. ಅದರ ಬಿರುಕು ಎರಡು ಲೋಹ ಕೂಡಿದ ಜಾಗದವರೆಗೆ ಬಂದು, ವಿಳಾಸ ಮರೆತವರ ಹಾಗೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಪದರ ಬಿಡಿಸಿ ನೋಡಿದರೆ ಒಳಗೆ ಕುಂಕುಮದ ಉದ್ದ ಗೆರೆ.

ರೋಲರ್ ನಡೆಸುವ ಗದಗಿನ ಈರಣ್ಣನವರ ಕಡೆ ನೋಡಿದೆ.

"ಇದನ್ನ ಒತ್ತಿದ ದಿನ ಶುಕ್ರವಾರ ಇತ್ತಲ್ರೀ ಸರ, ಮೊದಲನೇ ತಗಡಿಗೆ ಪೂಜಿ ಮಾಡಿದ್ದೆ. ಮ್ಯಾಲ ಹಚ್ಚಿದ್ರ ಅಳಿಸಿ ಹೋಕ್ಕೈತಿ ಅಂತ ಒಳಗ ಹಚ್ಚೀನಿ."

"ಸರಿಯಾಗಿ ನಾಮ ಹಾಕಿದ್ರಿ ನಂಗೆ."

"ನಾ ಇಟ್ಟದ್ದು ಬೊಟ್ಟುರೀ. ನಾಮ ಎಳದದ್ದು ನಿಮ್ಮ ರೋಲರ್."

ಕುಂಕುಮ ಸೇರಿ ಪದರ ಸಡಿಲವಿದ್ದಲ್ಲಿ ಬಿರುಕು ನೇರ ದಾಟಲಾರದು, ಅಷ್ಟೇ ವಿಷಯ. ಅದನ್ನು ಗಂಭೀರವಾಗಿ ಹೇಗೆ ಹೇಳೋದು ಅಂತ ನಾನು ಯೋಚಿಸುತ್ತಿದ್ದರೆ, ಇಂಜಿನಿಯರ್ ಆ ಪಟ್ಟಿಯನ್ನೇ ತಿರುಗಿಸಿ ತಿರುಗಿಸಿ ನೋಡಿ, "ಇಂಥದ್ದೇ ಇನ್ನೊಂದಷ್ಟು ಯಾವಾಗ ಕೊಡ್ತೀರಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಈರಣ್ಣ, "ಶುಕ್ರವಾರ ಬರ್ರಿ ಸರ" ಅಂದುಬಿಟ್ಟರು.

ಅಂದಿನಿಂದ ನನ್ನ ಕಟ್ಟಪ್ಪಣೆಗೆ ವಾರಕ್ಕೊಂದು ದಿನ ರಜೆ.