ಬಗ್ಗಿದ ತಲೆಗೆ ಆಶೀರ್ವಾದ

ಬಿ.ಎ. ಓದುವ ನಾಲ್ವರು ಹುಡುಗರನ್ನು ಮೇಲಧಿಕಾರಿಗಳು ನನ್ನ ಕೊರಳಿಗೆ ಕಟ್ಟಿದ್ದರು. ಹಳ್ಳಿಯಲ್ಲಿ ಆರೋಗ್ಯದ ಪಾಠ ಹೇಳುವುದನ್ನು ಇವರಿಗೆ ಕಲಿಸಿ, ನೀವು ಪಾಸು ಮಾಡಿದವರಿಗೇ ಕೆಲಸ ಎಂದಿದ್ದರು. ಆಗ ನಾನು ಊಟಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಅವರನ್ನು ಅಲ್ಲಿನ ಬೆಟ್ಟದ ಬಡಗ ಜನರ ಒಂದು ಹಟ್ಟಿಗೆ ಕರೆದುಕೊಂಡು ಹೋದೆ. ಅಂದಿನ ಪಾಠ, ನೀರು ಕಾಯಿಸಿ ಕುಡಿಯುವುದು.

ಮೊದಲ ಸರದಿ ರಾಜಪ್ಪನದು. ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತ.

"ಮೊದಲು ತಲೆ ಬಗ್ಗಿಸಪ್ಪಾ," ಎಂದೆ.

ಅಲ್ಲಿ ಚಿಕ್ಕವರು ಹಿರಿಯರೆದುರು ತಲೆ ಬಗ್ಗಿಸಬೇಕು, ಹಿರಿಯರು ತಲೆ ಮುಟ್ಟಿ ಹರಸಬೇಕು. ಮಾತೇನಿದ್ದರೂ ಆಮೇಲೆ. ಜಗಲಿಯ ಮೇಲೆ ಹದಿನೇಳು ಜನ ಹಿರಿಯರಿದ್ದರು. ಯಾರಿಗೂ ಅವಸರವಿರಲಿಲ್ಲ. ಮಕ್ಕಳು, ಎಮ್ಮೆ, ಮಳೆ, ಬೆಳೆ ಎಲ್ಲವನ್ನೂ ಹರಸಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು, ರಾಜಪ್ಪನ ಕತ್ತು ಹಿಡಿದುಕೊಂಡಿತ್ತು. ಬರೆದು ತಂದಿದ್ದ ಭಾಷಣವೆಲ್ಲ ಮರೆತುಹೋಗಿ, "ನೀರು ಕಾಯಿಸಿ ಕುಡೀರಿ" ಎಂದಷ್ಟೇ ಹೇಳಿ ಕುಳಿತುಬಿಟ್ಟ.

ಇವನು ಫೇಲು ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ವಾಪಸು ಏರು ಹತ್ತುವಾಗ ನನಗೆ ವಿಪರೀತ ಬಾಯಾರಿತು. ಹುಡುಗರು ಮುಂದೆ ಹೋಗಲೆಂದು ಕಾದು, ತೊರೆಗೆ ಬಗ್ಗಿ ಬೊಗಸೆ ತುಂಬಿಕೊಂಡೆ. ಜಗಲಿಯಲ್ಲಿದ್ದ ಅಜ್ಜಿಯೊಬ್ಬರು ಅದೇ ದಾರಿಯಲ್ಲಿ ಬರುತ್ತಿದ್ದರು. ಬಗ್ಗಿದ ತಲೆ ಕಂಡದ್ದೇ ತಡ, ಅದರ ಮೇಲೆ ಕೈಯಿಟ್ಟರು.

"ಒಂದಿದ್ದದ್ದು ಸಾವಿರವಾಗಲಿ ಮಗಾ. ನೂರು ತುಂಬಿ ಬಾಳು. ನೀರು ಕಾಯಿಸಿ ಕುಡಿ."

ಬೊಗಸೆಯ ನೀರು ಬೆರಳ ಸಂದಿಯಲ್ಲಿ ಸೋರಿಹೋಯಿತು.

ರಾಜಪ್ಪನನ್ನು ಪಾಸು ಮಾಡಿದೆ. ನನ್ನ ಫಲಿತಾಂಶ ಕೇಳುವ ಧೈರ್ಯ ಮಾತ್ರ ಆಗಲಿಲ್ಲ.